ಭಂಗುರಾಸ್ಥಿರೋಗದಲ್ಲಿ ತೊಡೆಯೆಲುಬಿನ ಶಸ್ತ್ರಚಿಕಿತ್ಸೆ: ಒಂದು ಐತಿಹಾಸಿಕ ಅವಲೋಕನ

ಹುಟ್ಟಿನಿಂದಲೇ ಎಲುಬುಗಳು ಸುಲಭವಾಗಿ ಮುರಿಯುವ ರೋಗವನ್ನು ಸ್ವೀಡನ್ನಿನ ಎಕ್ಮನ್ನರು 1788ರಲ್ಲಿಯೇ ಒಂದು ಮನೆತನದ ತಲೆಮಾರುಗಳಲ್ಲಿ ಗುರುತಿಸಿದ್ದರು. 1849ರಲ್ಲಿ ಡಚ್ ಅಂಗರಚನಾಶಾಸ್ತ್ರಜ್ಞರಾದ ವ್ರೋಲಿಕರು ಅದಕ್ಕೆ ‘ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ’ ಎಂಬ ಹೆಸರನ್ನಿತ್ತರು. ಎಲುಬಿಗೆ ಬಿಗುವನ್ನೀಯುವ ಕೊಲಾಜೆನ್ ಎಂಬ ಪ್ರೋಟೀನಿನ ದೋಷವೇ ಬಹುಮಟ್ಟಿಗೆ ಇದರ ಮೂಲವೆಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಿಳಿದುಬಂದಿತು.

ಈ ರೋಗದಲ್ಲಿ ದೇಹದ ಭಾರವನ್ನು ಹೊರುವ ತೊಡೆಯೆಲುಬು ಪದೇ ಪದೇ ಮುರಿದು ಬಿಲ್ಲಿನಂತೆ ಬಾಗುತ್ತದೆ. ಬಾಗಿದುದರಿಂದಲೇ ಮತ್ತೆ ಮುರಿಯುತ್ತದೆ. ಪ್ಲಾಸ್ಟರ್ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದರೆ, ಚಲನೆಯಿಲ್ಲದ ಎಲುಬು ಇನ್ನಷ್ಟು ಸೊರಗುತ್ತದೆ. ಹೀಗೆ ಚಿಕಿತ್ಸೆಯೇ ಮುಂದಿನ ಮುರಿತಕ್ಕೆ ಎಡೆಮಾಡಿಕೊಡುತ್ತಿದ್ದಿತು.

ಮಜ್ಜೆಯ ನಾಳದೊಳಗೆ ಉಕ್ಕಿನ ಸರಳನ್ನು ಸೇರಿಸುವ ಕ್ರಮವನ್ನು ಜರ್ಮನಿಯ ಕುಂಟ್ಷರರು 1940ರಲ್ಲಿ ಪ್ರಕಟಿಸಿದ್ದರು. ಷಿಕಾಗೋ ನಗರದ ಸೋಫೀಲ್ಡ್ ಮತ್ತು ಮಿಲರ್ ಎಂಬ ಶಸ್ತ್ರವೈದ್ಯರು ಸರಳಿನ ಈ ಆಧಾರವನ್ನು ಮಕ್ಕಳ ಬಾಗಿದ ಎಲುಬುಗಳನ್ನು ನೇರಗೊಳಿಸಲು ಬಳಸಿಕೊಂಡರು. ಎಲುಬನ್ನು ಹಲವು ತುಂಡುಗಳಾಗಿ ಕತ್ತರಿಸಿ, ಮಣಿಗಳನ್ನು ಪೋಣಿಸುವಂತೆ ಆ ತುಂಡುಗಳನ್ನು ಸರಳಿಗೆ ಪೋಣಿಸುವುದು ಅವರ ವಿಧಾನ. ಅದರ ಹತ್ತು ವರ್ಷಗಳ ಫಲವನ್ನು ಅವರು 1959ರಲ್ಲಿ ವರದಿಮಾಡಿದರು. ಲೋಹದ ಪಟ್ಟಿಯನ್ನು ಹೊರಗಿನಿಂದ ಬಿಗಿದರೆ ಅದರ ಅಂಚಿನಲ್ಲಿ ಎಲುಬು ಮುರಿಯುವ ಭಯವುಂಟು. ಸರಳಾದರೋ ಒಳಗಿನಿಂದಲೇ ಉದ್ದಕ್ಕೂ ಆಸರೆ ನೀಡುವುದು.

ಆದರೆ ಮಗು ಬೆಳೆಯುತ್ತದೆ, ಸರಳು ಬೆಳೆಯದು. ಅದರ ತುದಿಯನ್ನು ದಾಟಿ ಬೆಳೆದ ಭಾಗವು ಆಸರೆಯಿಲ್ಲದೆ ಮತ್ತೆ ಬಾಗುವುದು, ಮುರಿಯುವುದು. ಮಗುವಿಗೆ ಇನ್ನೊಂದು ಶಸ್ತ್ರಕ್ರಿಯೆ ತಪ್ಪದು. ಈ ಕೊರತೆಗೆ ಉತ್ತರವಾಗಿ ಬೇಯ್ಲಿ ಮತ್ತು ಡುಬೋ ಅವರು 1963ರಲ್ಲಿ ಹಿಗ್ಗುವ ಸರಳನ್ನು ವಿವರಿಸಿದರು. ಕೊಳವೆಯೊಳಗೆ ಕಡ್ಡಿ ಜಾರುವ ಇದರ ಎರಡು ಕೊನೆಗಳನ್ನು ಎಲುಬಿನ ಎರಡು ತುದಿಗಳಲ್ಲಿ ನೆಲೆಗೊಳಿಸಿದರೆ, ಎಲುಬಿನೊಡನೆ ಸರಳೂ ನೀಳವಾಗುವುದು. ಆದರೂ ಅದನ್ನು ಸೇರಿಸಲು ಮೊಣಕಾಲಿನ ಕೀಲನ್ನು ತೆರೆಯಬೇಕಾಗಿದ್ದಿತು. ಮುಂದೆ ಮಾಂಟ್ರಿಯಲ್ ನಗರದ ಫಾಸಿಯೇ ಮತ್ತು ಡ್ಯುವಾಲ್ ಅವರು ತುದಿಗಳಲ್ಲಿ ತಿರುಪುಳ್ಳ ಸರಳನ್ನು ರೂಪಿಸಿ ಆ ತೊಡಕನ್ನು ನಿವಾರಿಸಿದರು.

ಅದೇ ನಗರದ ಗ್ಲೋರಿಯೋ ಮತ್ತು ಸಂಗಡಿಗರು 1998ರಲ್ಲಿ ಪಾಮಿಡ್ರೋನೇಟ್ ಔಷಧದಿಂದ ಮಕ್ಕಳ ಎಲುಬಿನ ಸಾಂದ್ರತೆ ಹೆಚ್ಚುವುದನ್ನು ತೋರಿಸಿದರು. ಆದರೆ ಔಷಧವು ಬಾಗಿದ ಎಲುಬನ್ನು ನೇರಗೊಳಿಸಲಾರದು. ಸರಳು ರೋಗದ ಮೂಲವನ್ನು ಮುಟ್ಟಲಾರದು. ಹಿಗ್ಗುವ ಸರಳುಗಳೂ ಕೆಲವೊಮ್ಮೆ ಸ್ಥಾನ ತಪ್ಪುತ್ತವೆ. ಆದುದರಿಂದ ಈ ಚಿಕಿತ್ಸೆಗಳ ಬೆಲೆಯನ್ನು ಎಲುಬು ಕೂಡಿತೇ ಎಂಬುದರಿಂದ ಮಾತ್ರ ಅಳೆಯಲಾಗದು. ಮಗು ಎದ್ದು ನಿಂತಿತೇ, ಎಷ್ಟು ವರ್ಷ ಇನ್ನೊಂದು ಶಸ್ತ್ರಕ್ರಿಯೆಯಿಲ್ಲದೆ ನಡೆಯಿತು ಎಂಬುದನ್ನೂ ಕೇಳಬೇಕಾಗುತ್ತದೆ.