ಪದದ ಅರ್ಥ ವಾಕ್ಯದಲ್ಲಿದೆ: ಗಡಿನಾಡಿನ ಓದಿನ ಒಂದು ಚರಿತ್ರೆ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಶಾಲೆಯ ಕಟ್ಟಡ, ಗುರುಪರಂಪರೆ, ಫಲಿತಾಂಶಗಳನ್ನು ಕುರಿತು ಅನೇಕರು ಬರೆಯುವರು. ಮಕ್ಕಳ ಓದಿಗೆ ಸಂಬಂಧಿಸಿದ ಒಂದು ಸಣ್ಣ ಅಂಶದ ಚರಿತ್ರೆಯನ್ನು ನಾನಿಲ್ಲಿ ನಿವೇದಿಸಬಯಸುತ್ತೇನೆ.

ಇಂದಿನ ಪರೀಕ್ಷೆಗಳಲ್ಲಿ ಅಪರಿಚಿತ ಗದ್ಯಭಾಗವೊಂದನ್ನು ಕೊಟ್ಟು, ಅದರ ಒಂದು ಪದಕ್ಕೆ ಗೆರೆ ಎಳೆದು, ನಾಲ್ಕು ಅರ್ಥಗಳಲ್ಲಿ ಸಂದರ್ಭಕ್ಕೆ ಒಪ್ಪುವುದನ್ನು ಆರಿಸಲು ಕೇಳುವುದುಂಟು. ಇದು ಹೊಸ ಕಾಲದ ಪ್ರಶ್ನೆಯೆಂದು ಪೋಷಕರಲ್ಲಿ ಹಲವರ ಭಾವನೆ. ಆದರೆ ಈ ವಿದ್ಯೆ ಕನ್ನಡಕ್ಕೆ ಹಳೆಯದು. ಗಡಿನಾಡಿನ ಮಗುವಿಗಂತೂ ಅಂಕಗಳಿಗಿಂತ ಮಿಗಿಲಾಗಿ ಬೇಕಾದುದು.

ನಮ್ಮ ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಆ ಅರಸರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ‘ತುರು’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಇಂದಿನ ಮಗುವಿಗೆ ಅದು ಅಪರಿಚಿತ. ಆದರೆ ಶತ್ರುಗಳು ತುರುವನ್ನು ಹಿಡಿದೊಯ್ದರು, ವೀರನು ಕಾದಿ ಅದನ್ನು ಮರಳಿಸಿ ಮಡಿದನು ಎಂದು ಓದಿ, ಕಲ್ಲಿನಲ್ಲಿ ಕೆತ್ತಿದ ಹಸುಗಳನ್ನು ನೋಡಿದರೆ ‘ತುರು’ ಎಂದರೆ ಗೋವು ಎಂದು ತಾನೇ ಹೇಳುತ್ತದೆ. ಹೀಗೆ ಊಹಿಸುವುದೇ ಸಂದರ್ಭದಿಂದ ಅರ್ಥ ಕಾಣುವ ಬಗೆ.

ಪದದ ಅರ್ಥವನ್ನು ಕಂಠಪಾಠ ಮಾಡುವ ಪದ್ಧತಿಯೂ ಪ್ರಾಚೀನವೇ. 10ನೆಯ ಶತಮಾನದ ರನ್ನಕಂದ, 14ನೆಯ ಶತಮಾನದ ಮಂಗರಾಜ ನಿಘಂಟು ಮೊದಲಾದವು ಪದ್ಯರೂಪದಲ್ಲಿರಲು ನೆನಪಿನ ಸೌಕರ್ಯವೂ ಒಂದು ಕಾರಣ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕವಿಗಳ ಪ್ರಯೋಗಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದನು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಗ್ರಂಥಗಳ ಆಧಾರಗಳ ಜೊತೆಗೆ ಗಾದೆಗಳೂ ಸೇರಿವೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೇ ದಾರಿಯನ್ನು ವಿಸ್ತರಿಸಿತು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪದವು ಬಂದ ವಾಕ್ಯಗಳನ್ನು ಆಯ್ದು, ಅವುಗಳಿಂದ ಅರ್ಥವನ್ನು ನಿಶ್ಚಯಿಸಿ, ವಿದ್ವಾಂಸರು ದಶಕಗಳ ಕಾಲ ದುಡಿದರು. ಅವರು ಮಾಡಿದ ಕೆಲಸದ ಪುಟ್ಟ ರೂಪವನ್ನೇ ಇಂದಿನ ಪ್ರಶ್ನೆಪತ್ರಿಕೆ ನಮ್ಮ ಮಗುವಿನಿಂದ ಕೇಳುತ್ತಿದೆ.

ಗಡಿನಾಡಿನಲ್ಲಿ ಈ ಕೆಲಸ ಕಷ್ಟತರವೇಕೆ? 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆ ರೂಪುಗೊಂಡಾಗ ಮಡಕಶಿರಾ ಅದರೊಳಗೆ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಹೋಯಿತು. ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರಕ್ಕೆ ಬಂದವು. ಮನೆಯ ಮಾತು ಕನ್ನಡ, ಕಚೇರಿಯ ಭಾಷೆ ತೆಲುಗು ಎಂಬ ಸ್ಥಿತಿ ಇಲ್ಲಿ ನೆಲೆಯೂರಿತು. ಎರಡೂ ಸೋದರ ಭಾಷೆಗಳಾದುದರಿಂದ ಒಂದೇ ಪದ ಎರಡು ಅರ್ಥಗಳನ್ನು ಹೊತ್ತು ಮಗುವಿನ ಕಿವಿಗೆ ಬೀಳುತ್ತದೆ. ‘ಚಿನ್ನ’ ಕನ್ನಡದಲ್ಲಿ ಬಂಗಾರ, ತೆಲುಗಿನಲ್ಲಿ ಚಿಕ್ಕದು. 1985ರಲ್ಲಿ ತಾಲ್ಲೂಕುಗಳ ಸ್ಥಾನದಲ್ಲಿ ಮಂಡಲಗಳು ಬಂದ ಮೇಲೆ ಅಗಳಿಯ ಮಗುವಿಗೆ ‘ಮಂಡಲ’ವೆಂದರೆ ಮೊದಲು ಹೊಳೆಯುವುದು ಮಂಡಲ ಕಚೇರಿ, ಪಾಠದಲ್ಲಿ ಬರುವ ಸೌರಮಂಡಲ, ಮಂತ್ರಿಮಂಡಲಗಳು ಆಮೇಲೆ.

‘ಅವಸರ’ ಎಂಬ ಪದವನ್ನು ನೋಡಿರಿ. ಸಂಸ್ಕೃತದಲ್ಲಿ ಅದು ಸಮಯ, ಅವಕಾಶ, ತೆಲುಗಿನಲ್ಲಿ ಅಗತ್ಯ, ನಮ್ಮ ಬಳಕೆಯ ಕನ್ನಡದಲ್ಲಿ ಆತುರ. “ಮೋಡ ಕವಿದುದನ್ನು ಕಂಡು ರೈತನು ಒಣಗಲು ಹರಡಿದ್ದ ಕಡಲೆಕಾಯಿಯನ್ನು ಅವಸರದಿಂದ ರಾಶಿ ಮಾಡಿದನು” ಎಂಬ ವಾಕ್ಯವಿದ್ದು, ಅಗತ್ಯ, ಆತುರ, ಅವಕಾಶ, ಆಲಸ್ಯ ಎಂಬ ನಾಲ್ಕು ಉತ್ತರಗಳಿದ್ದರೆ, ಪದವನ್ನು ಮಾತ್ರ ನೋಡಿದ ಮಗು ‘ಅಗತ್ಯ’ಕ್ಕೆ ಗುರುತು ಹಾಕಬಹುದು. ಕವಿದ ಮೋಡವನ್ನೂ ಹರಡಿದ ಕಾಯಿಯನ್ನೂ ಗಮನಿಸಿದ ಮಗು ‘ಆತುರ’ವನ್ನೇ ಆರಿಸುವುದು. ಆರಿಸಿದ ಪದವನ್ನು ವಾಕ್ಯದಲ್ಲಿಟ್ಟು ಮತ್ತೊಮ್ಮೆ ಓದಿದರೆ ಸಂದೇಹ ಉಳಿಯದು.

ಎರಡು ಭಾಷೆ ಬಲ್ಲದ್ದು ಮಗುವಿನ ದೋಷವಲ್ಲ, ಸಂಪತ್ತು. ಯಾವ ಅರ್ಥ ಎಲ್ಲಿ ಸಲ್ಲುವುದೆಂಬ ವಿವೇಕವನ್ನು ಕಲಿಸುವ ಹೊಣೆ ಹಿರಿಯರಾದ ನಮ್ಮದು. ಅದು ಕೈಗೂಡದಿದ್ದರೆ ಮಗುವು ಕನ್ನಡವೇ ಕಷ್ಟವೆಂದು ಬಗೆಯುತ್ತದೆ. ಪೋಷಕರು ಮಾಧ್ಯಮವನ್ನೇ ಬದಲಿಸುತ್ತಾರೆ. ಕನ್ನಡ ತರಗತಿಯ ಬೆಂಚುಗಳು ಬರಿದಾಗುತ್ತವೆ. ಗಡಿಯಲ್ಲಿ ಒಂದು ಶಾಲೆ ಕನ್ನಡವನ್ನು ಬಿಟ್ಟರೆ ಅದು ಮರಳಿ ಬರುವುದು ದುಸ್ತರ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ: ಮಗು ಪದವೊಂದರ ಅರ್ಥ ಕೇಳಿದಾಗ ಕೂಡಲೇ ಹೇಳಿಬಿಡದೆ, “ವಾಕ್ಯವನ್ನು ಪೂರ್ತಿ ಓದು” ಎನ್ನಿರಿ. ಹಳೆಯ ವಿದ್ಯಾರ್ಥಿಗಳು ಶಾಲೆಯ ಗ್ರಂಥಾಲಯಕ್ಕೆ ಕಥೆಯ ಪುಸ್ತಕಗಳನ್ನೂ ಒಂದು ಒಳ್ಳೆಯ ನಿಘಂಟನ್ನೂ ಕೊಡಲಿ. ಶಿಕ್ಷಕರು ಪದಗಳ ಪಟ್ಟಿಯ ಬದಲು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆಯಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಗೆ ನಾವು ಸಲ್ಲಿಸಬಹುದಾದ ಸೇವೆ ಇದು.