ಶರಣಗೃಹಸ್ಥರಾದ ವಕೀಲ ಹಳಕಟ್ಟಿಯವರು

ಮಠದ ಮಹೋತ್ಸವದ ಸಮಯದಲ್ಲಿ ಗುರುಪರಂಪರೆಯನ್ನು ನೆನೆಯುವದು ಶಿಷ್ಯವರ್ಗಕ್ಕೆ ಸಹಜವಾದ ಧರ್ಮವು. ಪೀಠವನ್ನೇರಿದವರ ತಪಸ್ಸು, ಅವರ ದಾಸೋಹ, ಅವರು ನಡೆಯಿಸಿದ ಪಾಠಶಾಲೆಗಳು ಇಂಥ ಸಂಪುಟಗಳಲ್ಲಿ ವರ್ಣಿತವಾಗುವದು ಯುಕ್ತವೇ ಸರಿ. ಆದರೆ ಇಂದು ನಾವು ಮಠದ ಪಡಸಾಲೆಯಲ್ಲಿ ಕುಳಿತು ಬಸವಣ್ಣನವರ, ಅಲ್ಲಮಪ್ರಭುಗಳ, ಅಕ್ಕಮಹಾದೇವಿಯವರ ವಚನಗಳನ್ನು ಅಚ್ಚಾದ ಪುಸ್ತಕದಿಂದ ಓದುತ್ತಿರುವೆವಲ್ಲ, ಆ ಪುಸ್ತಕವು ನಮ್ಮ ಕೈಸೇರಿದುದು ಹೇಗೆಂದು ಕೇಳಿಕೊಂಡರೆ, ಪೀಠವನ್ನೇರದ, ಕಾವಿಯನ್ನುಡದ, ಹೆಂಡಿರು ಮಕ್ಕಳೊಡನೆ ಬಾಳಿದ ಒಬ್ಬ ಊರ ವಕೀಲರ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗುವದು. ಅವರೇ ವಿಜಾಪುರದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಚರಿತ್ರೆಯನ್ನು ಗೃಹಸ್ಥಭಕ್ತರ ದೃಷ್ಟಿಯಿಂದ ಸಂಕ್ಷೇಪವಾಗಿ ನಿರೂಪಿಸುವದೇ ಈ ಲೇಖನದ ಉದ್ದೇಶವು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ತಾಯಿ ದಾನಾದೇವಿಯವರು ಮಗನ ಎಳೆವಯಸ್ಸಿನಲ್ಲಿಯೇ ಲಿಂಗೈಕ್ಯರಾದುದರಿಂದ ಮಗುವಿನ ಪಾಲನೆಯು ಅಜ್ಜಿಯ ಪಾಲಿಗೆ ಬಂದಿತು. ಧಾರವಾಡದ ವಿದ್ಯಾಭ್ಯಾಸವು ಮುಗಿದ ಬಳಿಕ ಅವರು ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ ಪದವೀಧರರಾದರು. 1904ರಲ್ಲಿ ಕಾಯದೆಯ ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಆ ಮಹಾನಗರದಲ್ಲಿ ಗುಜರಾಥಿ, ಮರಾಠಿ ಜನರು ತಮ್ಮ ತಮ್ಮ ಭಾಷೆಗಳ ಏಳ್ಗೆಗಾಗಿ ಪಡುತ್ತಿದ್ದ ಪರಿಶ್ರಮವನ್ನು ಕಂಡು, ಕನ್ನಡದ ಹೀನಸ್ಥಿತಿಗಾಗಿ ಅವರ ಮನಸ್ಸು ಮರುಗಿತು.

ಬೆಳಗಾವಿಯಲ್ಲಿ ಕೆಲವು ತಿಂಗಳು ವಕೀಲಿ ನಡೆಯಿಸಿ ಅವರು ಅದೇ ವರುಷ ವಿಜಾಪುರಕ್ಕೆ ಬಂದು ನೆಲೆಸಿದರು. ಆದಿಲಶಾಹಿ ವೈಭವದ ಅವಶೇಷಗಳನ್ನು ಹೊತ್ತ, ಬರಗಾಲದಿಂದ ಬಾರಿಬಾರಿಗೂ ಬಳಲುತ್ತಿದ್ದ ಆ ಊರಲ್ಲಿ ಇಂಗ್ಲೀಷು ಕಲಿತ ವಕೀಲನಿಗೆ ಅನ್ನದ ಚಿಂತೆ ಇರಲಿಲ್ಲ. ಹೊಲದ ಮೇರೆಯ ತಂಟೆ, ಸಾಲದ ಪತ್ರ, ದತ್ತಕದ ವ್ಯಾಜ್ಯ, ಪಾಲು ಪಂಚಾಯತಿಗಳಿಂದ ಕೋರ್ಟಿನ ಅಂಗಳವು ಎಂದಿಗೂ ಬರಿದಾಗುತ್ತಿರಲಿಲ್ಲ. ಅವರು ಸರಕಾರಿ ವಕೀಲರೂ ಆದರು. 1910ರಲ್ಲಿ ಅಲ್ಲಿಯ ಲಿಂಗಾಯತ ವಿದ್ಯಾಸಂಸ್ಥೆಯ ಸ್ಥಾಪನೆಯಲ್ಲಿಯೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಮುಂದಾಳಾಗಿ ದುಡಿದರು. ಮುಂಬಯಿಯ ಕಾಯದೆ ಕೌನ್ಸಿಲಿನ ಸದಸ್ಯರೂ ಆಗಿದ್ದರು. ಇಂಥ ವಕೀಲರು ಮನೆಯ ಮೇಲೆ ಮಾಳಿಗೆ ಏರಿಸಿ, ಹೊಲಗದ್ದೆ ಕೊಂಡು, ಮಕ್ಕಳಿಗೆ ಸಂಪತ್ತನ್ನು ಬಿಟ್ಟುಹೋದರೆ ಲೋಕವು ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ. ಹಳಕಟ್ಟಿಯವರ ಹಣವು ಮಾತ್ರ ಬೇರೆ ದಾರಿಯನ್ನು ಹಿಡಿಯಿತು.

ಆ ದಾರಿಯು ತಾಳೆಯೋಲೆಗಳ ದಾರಿಯು. ಆಗ ಶಿವಶರಣರ ವಚನಗಳು ಬಹುಮಟ್ಟಿಗೆ ಓಲೆಯ ಕಟ್ಟುಗಳಲ್ಲಿಯೇ ಅಡಗಿದ್ದವು. ಮಠಗಳ ಜಗಲಿಯ ಮೇಲೆ, ಭಕ್ತರ ಮನೆಯ ದೇವರ ಗೂಡಿನಲ್ಲಿ, ವಸ್ತ್ರದಲ್ಲಿ ಸುತ್ತಿ, ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳವಾಗಿದ್ದರು. ಪೂಜೆಯು ಓಲೆಯನ್ನು ಕಾಯುವದಿಲ್ಲ; ಹುಳವು ಭಕ್ತಿಯನ್ನು ಅರಿಯದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಬಕವಿಯ ಮನೆತನವೊಂದರಲ್ಲಿ ಇಂಥ ಕಟ್ಟುಗಳನ್ನು ಕಂಡಂದಿನಿಂದ ಹಳಕಟ್ಟಿಯವರಿಗೆ ಅದೇ ಧ್ಯಾನವಾಯಿತು. ಬಿಡುವು ದೊರೆತಾಗಲೆಲ್ಲ ಹಳ್ಳಿಹಳ್ಳಿಗೆ ತಿರುಗಿ, ಕೊಡದವರನ್ನು ಒಲಿಸಿ, ಕೊಟ್ಟವರಿಗೆ ಕೈಮುಗಿದು, ಸುಮಾರು 1920ರ ಹೊತ್ತಿಗೆ ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಕೂಡಿಸಿದರು.

ಇಲ್ಲಿ ಅವರ ವಕೀಲಿ ವೃತ್ತಿಯು ಅವರಿಗೆ ಒದಗಿಬಂದ ಬಗೆಯನ್ನು ವಾಚಕರು ಗಮನಿಸಬೇಕು. ಒಳ್ಳೆಯ ವಕೀಲನು ಒಂದೇ ದಸ್ತೈವಜನ್ನು ನಂಬಿ ಕೂಡ್ರುವದಿಲ್ಲ. ಬರಹ ಯಾರದು, ಸಹಿ ಯಾರದು, ಮಾತು ಎಲ್ಲಿ ತಿದ್ದಲ್ಪಟ್ಟಿದೆ ಎಂದು ಪತ್ರಕ್ಕೆ ಪತ್ರವನ್ನು ಹೋಲಿಸಿ ನೋಡುವನು. ವಚನಗಳ ವಿಷಯದಲ್ಲಿಯೂ ಕೆಲಸವು ಇದೇ ಬಗೆಯದು. ನಕಲುಗಾರನು ಒಂದು ಅಕ್ಷರ ತಪ್ಪಿದರೆ ಅರ್ಥವೇ ಕೆಡುವದು. ಒಬ್ಬ ಶರಣರ ವಚನವು ಮತ್ತೊಬ್ಬರ ಹೆಸರಿನಲ್ಲಿ ಸೇರಿಹೋಗುವದು. ಅಂಕಿತವೇ ಶರಣರ ಸಹಿಯು. ಪ್ರತಿಗಳನ್ನು ಎದುರುಬದುರಿಗೆ ಇಟ್ಟು, ಅಂಕಿತಗಳನ್ನು ಪರೀಕ್ಷಿಸಿ, ಯಾರ ಆಸ್ತಿಯನ್ನು ಯಾರಿಗೆ ಸಲ್ಲಿಸಬೇಕೋ ಅವರಿಗೆ ಸಲ್ಲಿಸುವ ಈ ನ್ಯಾಯದಾನವು ವರುಷಗಟ್ಟಲೆ ನಡೆಯಿತು. ಅದಕ್ಕೂ ಪೂರ್ವದಲ್ಲಿ ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಅವರ ಶೋಧದಿಂದ ಆ ಸಂಖ್ಯೆಯು ಇನ್ನೂರೈವತ್ತರ ಸಮೀಪಕ್ಕೆ ಏರಿತೆಂದು ಹೇಳುವರು. ಅವರಲ್ಲಿ ಅಂಬಿಗರು, ಮಾದಾರರು, ಸೂಳೆವೃತ್ತಿಯನ್ನು ತೊರೆದ ಹೆಣ್ಣುಮಕ್ಕಳು, ಸೌದೆ ಮಾರುವವರು ಉಂಟು. ಎಂಟುನೂರು ವರುಷಗಳ ತರುವಾಯ ಈ ಜನರ ವಕಾಲತ್ತನ್ನು ಹಿಡಿಯಲು ಒಬ್ಬ ವಕೀಲನು ದೊರೆತನು. ಈ ಕಕ್ಷಿಗಾರರಿಂದ ಅವನಿಗೆ ಶುಲ್ಕವು ಬರುವಂತಿರಲಿಲ್ಲ.

ಸಂಗ್ರಹವಾದುದನ್ನು ಅಚ್ಚು ಹಾಕಿಸುವದು ಇನ್ನೊಂದು ತಪಸ್ಸಾಯಿತು. ಬಹು ಪ್ರಯತ್ನದ ಮೇಲೆ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಮುದ್ರಿತವಾಗಿ ಹೊರಬಿದ್ದಿತು. ಪರರ ಮುದ್ರಣಾಲಯವನ್ನು ನೆಚ್ಚಿದರೆ ಕಾರ್ಯವು ಸಾಗದೆಂದು ಕಂಡುಕೊಂಡು, 1925ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ, ಮರುವರುಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ‘ಶಿವಾನುಭವ’ವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. 1930ರಲ್ಲಿ ‘ಶೂನ್ಯಸಂಪಾದನೆ’ಯು ಅವರಿಂದಲೇ ಪ್ರಕಟವಾಯಿತು. ಹರಿದ ಕೋಟು ತೊಟ್ಟು, ಸೈಕಲ್ಲಿನ ಮೇಲೆ ಕೋರ್ಟಿಗೆ ಹೋಗಿಬರುತ್ತಿದ್ದ ಈ ವಕೀಲರು ಬಾಡಿಗೆಯ ಮನೆಯಲ್ಲಿಯೇ ಬಾಳನ್ನು ಸವೆಯಿಸಿದರು.

ಇಲ್ಲಿ ಗೃಹಸ್ಥರಾದ ಭಕ್ತರ ಮನಸ್ಸಿನಲ್ಲಿ ಒಂದು ಸಂದೇಹವು ಏಳದೆ ಇರದು. ಧರ್ಮಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಇರುವಾಗ ತಲೆಯ ಮೇಲಿನ ಸೂರನ್ನೇ ಮಾರಿದವರನ್ನು ಕುಟುಂಬವತ್ಸಲರೆಂದು ಕರೆಯಬಹುದೆ? ಈ ಪ್ರಶ್ನೆಯನ್ನು ಮರೆಮಾಚುವದು ಸಲ್ಲದು. ಏಕೆಂದರೆ ಮನೆಯನ್ನು ಮಾರಿದ ಸಹಿಯು ಒಬ್ಬನದಾದರೂ ಮಾರಾಟದ ಭಾರವು ಮನೆಯವರೆಲ್ಲರದು. ಬಾಡಿಗೆಯ ಮನೆಯಲ್ಲಿ ಒಲೆ ಹೂಡಿದವರ ತ್ಯಾಗವನ್ನು ಬಿಟ್ಟು ಹಳಕಟ್ಟಿಯವರ ತ್ಯಾಗವನ್ನಷ್ಟೇ ಹೊಗಳಿದರೆ ಚರಿತ್ರೆಯು ಅರ್ಧವಾಗುವದು.

ಉತ್ತರಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಜವಳಗೇರೆಯ ಸೀಮೆಗೆ ಸಮೀಪದ ಲಿಂಗಸೂಗೂರು ತಾಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನವರ ಕಾಯಕವು. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಆ ಮಹಾಸತಿಯು ಅದನ್ನು ಅತಿಯಾಸೆಯೆಂದು ಕಂಡು, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಇದರ ತಾತ್ಪರ್ಯವು ಸಂಸಾರವನ್ನು ಬಿಡಬೇಕೆಂಬುದಲ್ಲ. ಅಳತೆಯನ್ನು ಅರಿತು ಸಂಸಾರ ಮಾಡಬೇಕೆಂಬುದು. ಹಳಕಟ್ಟಿಯವರೂ ಸಂಸಾರವನ್ನು ತೊರೆದು ಓಡಲಿಲ್ಲ, ಕಾಯಕವನ್ನು ಬಿಡಲಿಲ್ಲ. ಹಗಲು ಕೋರ್ಟು, ಸಂಜೆ ಅಚ್ಚಿನ ಕರಡು ಎಂಬಂತೆ ದುಡಿದು, ಗಳಿಸಿದುದರಲ್ಲಿ ಮನೆಗೆ ಬೇಕಾದುದನ್ನು ಮನೆಗೆ ಕೊಟ್ಟು, ಮಿಕ್ಕುದನ್ನು ಸಮಾಜಕ್ಕೆ ಸುರಿದರು. ಮಕ್ಕಳಿಗೆ ಮಾಳಿಗೆಯ ಬದಲು ವಚನಗಳನ್ನು ಬಿಟ್ಟರು. ಆ ಆಸ್ತಿಯಲ್ಲಿ ನಮಗೆಲ್ಲರಿಗೂ ಪಾಲು ದೊರೆಯಿತು. ಲಕ್ಕಮ್ಮನ ವಚನಗಳು ಇಂದು ಆಕೆಯ ಸ್ವಂತ ಸೀಮೆಯಲ್ಲಿ ಓದಲ್ಪಡುತ್ತಿದ್ದರೆ, ಅದಕ್ಕೆ ಈ ಮನೆತನದ ಋಣವೂ ಕಾರಣವು.

ನಮ್ಮ ಸೀಮೆಗೆ ಈ ಋಣವು ಇನ್ನೂ ಹಿರಿದು. ಆ ಕಾಲದಲ್ಲಿ ವಿಜಾಪುರವು ಮುಂಬಯಿ ಪ್ರಾಂತದಲ್ಲಿತ್ತು. ಸಿಂಧನೂರು, ಲಿಂಗಸೂಗೂರುಗಳನ್ನೊಳಗೊಂಡ ರಾಯಚೂರು ಜಿಲ್ಲೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತು, ದಫ್ತರದ ಭಾಷೆಯು ಉರ್ದುವಾಗಿತ್ತು. ಕಚೇರಿಯಲ್ಲಿ ಮನ್ನಣೆಯಿಲ್ಲದ ಕನ್ನಡಕ್ಕೆ ಮಠಗಳೂ ಇಂಥ ಪುಸ್ತಕಗಳೂ ಆಸರೆಯಾದವು. 1956ರ ನವೆಂಬರ 1ರಂದು ಈ ಎರಡೂ ಸೀಮೆಗಳು ಒಂದೇ ರಾಜ್ಯದಲ್ಲಿ ಕೂಡಿದವು. ವಚನಗಳ ಓದುಗರಲ್ಲಿ ಆ ಕೂಟವು ಅದಕ್ಕೂ ಮೊದಲೇ ಆರಂಭವಾಗಿತ್ತು. ನಮ್ಮ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ಬೆಳಕಿಗೆ ಬಂದುದು ಎಲ್ಲರಿಗೂ ತಿಳಿದ ಸಂಗತಿಯು. ಚಕ್ರವರ್ತಿಯ ಮಾತು ಬಂಡೆಯ ಮೇಲಿದ್ದುದರಿಂದ ಎರಡು ಸಾವಿರ ವರುಷ ತನ್ನಷ್ಟಕ್ಕೆ ಕಾದು ಕುಳಿತಿತು. ಅಕ್ಕಿ ಆಯುವವಳ ಮಾತು ಓಲೆಯ ಮೇಲಿತ್ತು. ಅದನ್ನು ಮನುಷ್ಯರೇ ಕಾಯಬೇಕಾಯಿತು.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಅವರಿಗೆ ಸಂದವು. 1964ನೆಯ ಇಸವಿ ಜೂನ್ 29ರಂದು ಅವರು ಲಿಂಗೈಕ್ಯರಾದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಒಂದು ಸರಕಾರವೂ ಅನೇಕ ವಿದ್ವಾಂಸರೂ ಕೂಡಿ ಮಾಡಿದ ಆ ಕಾರ್ಯಕ್ಕೆ ಅಸ್ತಿಭಾರವು ಒಂದು ವಕೀಲರ ಮನೆಯಲ್ಲಿ ಬಿದ್ದಿತ್ತೆಂಬುದನ್ನು ಮರೆಯಲಾಗದು.

ಭಕ್ತಜನರೇ, ಮಹೋತ್ಸವದ ಮೆರವಣಿಗೆಯು ಒಂದು ದಿನದ್ದು. ಊರಿಗೆ ಮರಳಿದ ಮೇಲೆ ನಮ್ಮ ನಮ್ಮ ಜಗಲಿಯ ಮೇಲೆ, ಹಳೆಯ ಪೆಟ್ಟಿಗೆಯ ತಳದಲ್ಲಿ ಓಲೆಯ ಕಟ್ಟೊಂದು ಇರುವದೇನೋ ನೋಡೋಣ. ಇದ್ದರೆ ಹೂವೇರಿಸಿ ಸುಮ್ಮನಾಗದೆ, ಬಲ್ಲವರ ಕೈಗೆ ಅದನ್ನು ಮುಟ್ಟಿಸೋಣ. ಮನೆಯನ್ನು ಮಾರುವಷ್ಟು ತ್ಯಾಗವನ್ನು ಇಂದು ಯಾರೂ ನಮ್ಮಿಂದ ಬೇಡುತ್ತಿಲ್ಲ. ಗಂಟನ್ನು ಬಿಚ್ಚುವಷ್ಟು ಮನಸ್ಸು ಸಾಕು. ಶರಣು ಶರಣಾರ್ಥಿ.