ಬೆನ್ನುಮೂಳೆಯ ಎಳೆತ ಚಿಕಿತ್ಸೆ

ಕತ್ತು ಮತ್ತು ಸೊಂಟದ ನೋವನ್ನು ತಗ್ಗಿಸಲು, ಶಸ್ತ್ರಕ್ರಿಯೆ ಇಲ್ಲದೆ, ಪಟ್ಟಿ, ರಾಟೆ, ತೂಕ ಅಥವಾ ವಿದ್ಯುಚ್ಚಾಲಿತ ಮೇಜಿನ ನೆರವಿನಿಂದ ಬೆನ್ನುಮೂಳೆಯನ್ನು ಅದರ ಉದ್ದಕ್ಕೆ ಎಳೆಯುವ ಭೌತಚಿಕಿತ್ಸಾ ವಿಧಾನ. ವೈದ್ಯಕೀಯದಲ್ಲಿ ಟ್ರ್ಯಾಕ್ಷನ್ ಎಂದೂ, ಕಂಪ್ಯೂಟರ್ ನಿಯಂತ್ರಿತ ಯಂತ್ರಗಳು ಬಂದ ಮೇಲೆ ಸ್ಪೈನಲ್ ಡಿಕಂಪ್ರೆಷನ್, ಅಂದರೆ ಬೆನ್ನುಮೂಳೆಯ ಒತ್ತಡ ಇಳಿಸುವಿಕೆ, ಎಂದೂ ಹೆಸರಾಗಿರುವ ಈ ಚಿಕಿತ್ಸೆಯನ್ನು ಪಡೆಯುವುದಕ್ಕೆ ಕನ್ನಡದ ಆಡುಮಾತಿನಲ್ಲಿ ಟ್ರ್ಯಾಕ್ಷನ್ ಹಾಕಿಸಿಕೊಳ್ಳುವುದು ಎನ್ನುತ್ತಾರೆ. ಎಳೆದರೆ ಮೂಳೆಗಳ ನಡುವಿನ ಸಂದು ಹಿಗ್ಗುತ್ತದೆ ಎಂಬುದು ಬಹು ಹಳೆಯ ತಿಳಿವಳಿಕೆ. ಸಂದು ಹಿಗ್ಗಿದರೆ ನೋವು ವಾಸಿಯಾಗುತ್ತದೆಯೇ ಎಂಬುದನ್ನು ಒರೆಗೆ ಹಚ್ಚಿ ನೋಡಿದ್ದು ತೀರ ಈಚೆಗೆ. ಈ ಚಿಕಿತ್ಸೆಯ ಚರಿತ್ರೆಯ ಬಹುಭಾಗ ನಡೆದಿರುವುದು ಇವೆರಡರ ನಡುವಿನ ಅಂತರದಲ್ಲಿ.

ರಚನೆ ಮತ್ತು ತತ್ತ್ವ

ಮನುಷ್ಯನ ಬೆನ್ನುಮೂಳೆ ಒಂದರ ಮೇಲೊಂದು ಕೂತ ಕಶೇರುಗಳಿಂದಾಗಿದ್ದು, ಅವುಗಳ ನಡುವೆ ಒಟ್ಟು 23 ಡಿಸ್ಕುಗಳಿವೆ. ಡಿಸ್ಕ್ ಎಂದರೆ ಹೊರಗೆ ನಾರಿನ ಗಟ್ಟಿ ಉಂಗುರವೂ ಒಳಗೆ ನೀರಿನಂಶ ತುಂಬಿದ ಲೋಳೆಯಂಥ ತಿರುಳೂ ಇರುವ ಬಿಲ್ಲೆ. ಸವೆತದಿಂದಲೋ ವಯಸ್ಸಿನಿಂದಲೋ ಉಂಗುರ ಬಿರಿದಾಗ ತಿರುಳು ಹೊರಚಾಚಿ ಪಕ್ಕದ ನರಮೂಲವನ್ನು ಒತ್ತುತ್ತದೆ, ಕೆರಳಿಸುತ್ತದೆ. ಕತ್ತಿನಲ್ಲಿ ಹೀಗಾದರೆ ನೋವು ತೋಳಿಗೂ, ಸೊಂಟದಲ್ಲಾದರೆ ಪೃಷ್ಠದಿಂದ ಕಾಲಿನುದ್ದಕ್ಕೂ ಹರಿಯುತ್ತದೆ. ಕಾಲಿಗೆ ಇಳಿಯುವ ಈ ನೋವು ಸಯಾಟಿಕಾ ಎಂದು ಪರಿಚಿತ, ಆಯುರ್ವೇದದ ಗೃಧ್ರಸಿಯನ್ನು ಇದಕ್ಕೆ ಸಮನಾಗಿ ಗುರುತಿಸುತ್ತಾರೆ. ಡಿಸ್ಕ್ ಜಾರಿದೆ ಎಂಬುದು ರೂಢಿಯ ಮಾತಾದರೂ ಬಿಲ್ಲೆ ತನ್ನ ಜಾಗ ಬಿಟ್ಟು ಜಾರುವುದಿಲ್ಲ, ಅದರ ತಿರುಳು ಉಬ್ಬುತ್ತದೆ ಅಥವಾ ಒಡೆದು ಹೊರಬರುತ್ತದೆ. ಬೆನ್ನುಮೂಳೆಯನ್ನು ಎಳೆದಾಗ ನರ ಹೊರಬರುವ ಕಂಡಿ ಅಗಲವಾಗಿ, ಡಿಸ್ಕಿನೊಳಗಿನ ಒತ್ತಡ ಇಳಿದು, ಬಿಗಿದ ಸ್ನಾಯುಗಳು ಸಡಿಲಗೊಳ್ಳುತ್ತವೆ ಎಂಬುದು ಚಿಕಿತ್ಸೆಯ ಹಿಂದಿರುವ ತರ್ಕ.

ಪ್ರಾಚೀನ ಕಾಲ

ಕ್ರಿ.ಪೂ. 5-4ನೆಯ ಶತಮಾನದ ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸನ ಹೆಸರಿನಲ್ಲಿ ಉಳಿದಿರುವ, ಕೀಲುಗಳನ್ನು ಕುರಿತ ಗ್ರಂಥದಲ್ಲಿ ಬೆನ್ನುಮೂಳೆಯನ್ನು ಎಳೆಯುವ ಎರಡು ವಿಧಾನಗಳ ವಿವರಣೆಯಿದೆ. ಮೊದಲನೆಯದರಲ್ಲಿ ಗೂನುಬೆನ್ನಿನ ರೋಗಿಯನ್ನು ಏಣಿಗೆ ಬಿಗಿದು, ಏಣಿಯನ್ನು ಎತ್ತರದ ಗೋಪುರಕ್ಕೋ ಮನೆಯ ಮಾಳಿಗೆಗೋ ಏರಿಸಿ, ನೆಟ್ಟಗೆ ಕೆಳಕ್ಕೆ ಬಿಟ್ಟು ಕುಲುಕಲಾಗುತ್ತಿತ್ತು. ಗೂನು ಬೆನ್ನಿನ ಕೆಳಭಾಗದಲ್ಲಿದ್ದರೆ ತಲೆ ಕೆಳಗಾಗಿ, ಕತ್ತಿನ ಹತ್ತಿರವಿದ್ದರೆ ಕಾಲು ಕೆಳಗಾಗಿ ಕಟ್ಟುತ್ತಿದ್ದರು. ಗ್ರಂಥಕಾರನಿಗೆ ಈ ಪದ್ಧತಿಯ ಬಗ್ಗೆ ಒಲವಿರಲಿಲ್ಲ. ಮನುಷ್ಯನೊಬ್ಬ ಹಾಗೆ ತೂಗಿ ಬೀಳುವುದನ್ನು ಕಂಡು ಬೆರಗಾಗುವ ಜನ ಅದರಿಂದ ಒಳಿತಾಯಿತೋ ಕೆಡುಕಾಯಿತೋ ಎಂದು ವಿಚಾರಿಸುವುದಿಲ್ಲವೆಂದೂ, ಗುಂಪನ್ನು ಬೆರಗುಗೊಳಿಸುವ ಆಸೆಯುಳ್ಳ ವೈದ್ಯರೇ ಇದನ್ನು ಹೆಚ್ಚಾಗಿ ಬಳಸುತ್ತಾರೆಂದೂ ಆತ ಎಚ್ಚರಿಸುತ್ತಾನೆ. ಆತ ಮೆಚ್ಚಿದ ಎರಡನೆಯ ವಿಧಾನದಲ್ಲಿ ರೋಗಿಯನ್ನು ಹಲಗೆಯ ಮೇಲೆ ಬೋರಲು ಮಲಗಿಸಿ, ಎದೆಗೂ ಸೊಂಟಕ್ಕೂ ಕಾಲುಗಳಿಗೂ ಮೆದುವಾದ ಪಟ್ಟಿಗಳನ್ನು ಸುತ್ತಿ, ಇಬ್ಬದಿಯ ಸಹಾಯಕರು ಸನ್ನೆಗೋಲುಗಳಿಂದ ಎಳೆಯುತ್ತಿರುವಾಗಲೇ ವೈದ್ಯನು ಗೂನಿನ ಮೇಲೆ ಅಂಗೈಯಿಂದ ಒತ್ತುತ್ತಾನೆ ಅಥವಾ ಗೋಡೆಯ ಗೂಡಿಗೆ ತುದಿ ಸಿಕ್ಕಿಸಿದ ಹಲಗೆಯಿಂದ ಅದುಮುತ್ತಾನೆ.

ಭಾರತದ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ, ತಪ್ಪಿದ ಮೂಳೆಗಳನ್ನು ಕೂಡಿಸುವ ಕ್ರಮಗಳ ಸಾಲಿನಲ್ಲಿ ಆಂಛನ, ಅಂದರೆ ಎಳೆಯುವಿಕೆ, ಪೀಡನ (ಒತ್ತುವಿಕೆ) ಮತ್ತು ಬಂಧನ (ಕಟ್ಟುವಿಕೆ) ಇವುಗಳ ಜೊತೆಗೇ ಬರುತ್ತದೆ. ರೋಗಿ ಅಲುಗದಂತೆ ಗೂಟಗಳನ್ನು ನೆಟ್ಟು ಮಲಗಿಸುವ ಹಲಗೆಯ ಹಾಸಿಗೆಯನ್ನು, ಎಂದರೆ ಕಪಾಟಶಯನವನ್ನು, ಬೆನ್ನುಮೂಳೆಯ ಪೆಟ್ಟಿಗೂ ಅದು ವಿಧಿಸುತ್ತದೆ. ಈ ಎರಡೂ ಪರಂಪರೆಗಳಲ್ಲಿ ಎಳೆತದ ಗುರಿ ತಪ್ಪಿದ ಮೂಳೆಯನ್ನು ನೆಟ್ಟಗೆ ಕೂಡಿಸುವುದಾಗಿತ್ತೇ ಹೊರತು ಇಂದಿನ ಅರ್ಥದ ಸೊಂಟನೋವನ್ನು ನೀಗುವುದಾಗಿರಲಿಲ್ಲ. ಹಿಪ್ಪೊಕ್ರೆಟಿಸನ ಹಲಗೆ ಗ್ರೀಕ್, ಅರಬ್ಬೀ ವೈದ್ಯಗ್ರಂಥಗಳ ಮೂಲಕ ಸಾಗಿಬಂದು, ಅನಾತೋಲಿಯದ ಶಸ್ತ್ರವೈದ್ಯ ಶರಫುದ್ದೀನ್ ಸಬುಂಜುಓಲು 1465ರಲ್ಲಿ ಬರೆದ ಸಚಿತ್ರ ಗ್ರಂಥದಲ್ಲಿಯೂ, 1544ರಲ್ಲಿ ಪ್ಯಾರಿಸ್ಸಿನಲ್ಲಿ ಗ್ವಿಡೊ ಗ್ವಿಡಿ ಅಚ್ಚುಹಾಕಿಸಿದ ಶಸ್ತ್ರವೈದ್ಯ ಸಂಕಲನದಲ್ಲಿಯೂ ಕಾಣಿಸಿಕೊಂಡಿತು.

ತೂಗುಚಿಕಿತ್ಸೆಯ ಕಾಲ

19ನೆಯ ಶತಮಾನದಲ್ಲಿ ಮಲಗಿಸಿ ಎಳೆಯುವ ಬದಲು ತೂಗುಹಾಕುವ ಪದ್ಧತಿ ಮುಂದೆ ಬಂತು. ನ್ಯೂಯಾರ್ಕಿನ ಮೂಳೆವೈದ್ಯ ಲೂಯಿಸ್ ಸೇಯರ್ ಬೆನ್ನುಮೂಳೆಯ ಕ್ಷಯ ಮತ್ತು ಪಕ್ಕಬಾಗುವಿಕೆಯ ರೋಗಿಗಳನ್ನು ಮುಕ್ಕಾಲಿ ಚೌಕಟ್ಟಿನಡಿ ನಿಲ್ಲಿಸಿ, ಗಲ್ಲ ಮತ್ತು ಕಂಕುಳುಗಳಿಗೆ ಪಟ್ಟಿ ಕೊಟ್ಟು ರಾಟೆಯಿಂದ ಮೇಲೆತ್ತಿ, ಬೆನ್ನು ಹಾಗೆ ನೀಳವಾಗಿರುವಾಗಲೇ ಮೈಗೆ ಪ್ಲಾಸ್ಟರಿನ ಕವಚ ಸುತ್ತುತ್ತಿದ್ದ. ಈ ವಿಧಾನವನ್ನು ಕುರಿತ ಅವನ ಗ್ರಂಥ 1877ರಲ್ಲಿ ಪ್ರಕಟವಾಯಿತು. ಒಡೆಸ್ಸಾದ ವೈದ್ಯ ಮೊಚುಟ್ಕೊವ್ಸ್ಕಿ, ಸೇಯರನ ಕವಚ ತೊಡಿಸಲೆಂದು ತೂಗುಹಾಕಿದ ಒಬ್ಬ ರೋಗಿಗೆ ಟೇಬಿಸ್ ಎಂಬ ನರರೋಗದ ನೋವು ತಗ್ಗಿದುದನ್ನು ಗಮನಿಸಿ, 1883ರಲ್ಲಿ ತೂಗುವುದನ್ನೇ ಒಂದು ಚಿಕಿತ್ಸೆಯಾಗಿ ಮುಂದಿಟ್ಟ. 1889ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಪ್ರಖ್ಯಾತ ನರವೈದ್ಯ ಶಾರ್ಕೊ ಇದನ್ನು ಕೈಗೆತ್ತಿಕೊಂಡದ್ದರಿಂದ ಯೂರೋಪಿನುದ್ದಕ್ಕೂ ತೂಗುಚೌಕಟ್ಟುಗಳು ಎದ್ದವು. ಆದರೆ ಟೇಬಿಸ್ ಸಿಫಿಲಿಸ್ ರೋಗಾಣುವಿನಿಂದ ಬರುವ ಕಾಯಿಲೆಯಾದ್ದರಿಂದ ತೂಗಿ ಅದನ್ನು ಗುಣಪಡಿಸುವುದು ಸಾಧ್ಯವಿರಲಿಲ್ಲ, ಹೀಗಾಗಿ ಕೆಲವೇ ವರ್ಷಗಳಲ್ಲಿ ಈ ಚಿಕಿತ್ಸೆ ಮೂಲೆಗೆ ಸರಿಯಿತು.

ತೂಗುವ ಕಲ್ಪನೆ ಮುಂದೆ ಬೇರೆ ದಾರಿಗಳಲ್ಲಿ ಬದುಕಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಲ್ಲಿ ಬೆಳೆಸಿದ ಪದ್ಧತಿಯಲ್ಲಿ, ಗೋಡೆಗೆ ಕಟ್ಟಿದ ಹಗ್ಗದ ಆಸರೆಯಿಂದ ತಲೆಕೆಳಗಾಗಿ ತೂಗುವ ಶೀರ್ಷಾಸನ ಬೆನ್ನುಮೂಳೆಯನ್ನು ನೀಳಗೊಳಿಸುವ ಅಭ್ಯಾಸವಾಗಿ ಸೇರಿತು. 1980ರ ದಶಕದ ಅಮೆರಿಕದಲ್ಲಿ ಪಾದಕ್ಕೆ ಕೊಕ್ಕೆ ತೊಟ್ಟು ಜೋತಾಡುವ ಸಾಧನಗಳು ಮನೆಮನೆಗೆ ಬಂದವು. ತಲೆ ಕೆಳಗಾಗಿದ್ದಾಗ ಕಣ್ಣಿನೊಳಗಿನ ಒತ್ತಡವೂ ರಕ್ತದೊತ್ತಡವೂ ಏರುವುದರಿಂದ ಗ್ಲಾಕೊಮಾ ಹಾಗೂ ಹೃದ್ರೋಗ ಉಳ್ಳವರಿಗೆ ಇವು ಸಲ್ಲವು.

ಡಿಸ್ಕ್ ಸಿದ್ಧಾಂತ ಮತ್ತು ಎಳೆತದ ಮೇಜು

ಚಿಕಿತ್ಸೆಯ ಗುರಿಯನ್ನೇ ಬದಲಿಸಿದ್ದು 1934. ಬಾಸ್ಟನ್ನಿನ ಶಸ್ತ್ರವೈದ್ಯರಾದ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಆ ವರ್ಷ ಪ್ರಕಟಿಸಿದ ಲೇಖನದಲ್ಲಿ, ಒಡೆದ ಡಿಸ್ಕಿನ ತಿರುಳು ನರವನ್ನು ಒತ್ತುವುದು ಸಯಾಟಿಕಾಕ್ಕೆ ಕಾರಣವೆಂದು ತೋರಿಸಿದರು. ಅಲ್ಲಿಯವರೆಗೆ ಬಾಗಿದ್ದನ್ನು ನೆಟ್ಟಗೆ ಮಾಡಲು ಎಳೆಯುತ್ತಿದ್ದ ವೈದ್ಯರು, ಅಲ್ಲಿಂದಾಚೆ ಹೊರಬಂದ ತಿರುಳನ್ನು ಒಳಕ್ಕೆ ಸೆಳೆಯುವ ಆಸೆಯಿಂದ ಎಳೆಯತೊಡಗಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ 1950ರ ಹೊತ್ತಿಗೆ ಶಸ್ತ್ರಕ್ರಿಯೆಗೆ ಬದಲಾಗಿ ನಿರಂತರ ಎಳೆತವನ್ನು ಬಲವಾಗಿ ಪ್ರತಿಪಾದಿಸಿದರು.

ಎಷ್ಟು ಎಳೆಯಬೇಕು ಎಂಬ ಲೆಕ್ಕವನ್ನು ಸ್ಪಷ್ಟಗೊಳಿಸಿದವರಲ್ಲಿ ಅಮೆರಿಕದ ವೈದ್ಯ ಜುಡೊವಿಚ್ ಪ್ರಮುಖರು. ಹಾಸಿಗೆಯ ಮೇಲೆ ಮಲಗಿದ ರೋಗಿಯ ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆದಾಗ, ಕೆಳಮೈ ಹಾಸಿಗೆಗೆ ಉಜ್ಜುವುದರಿಂದ ದೇಹದ ತೂಕದ ಸುಮಾರು ಕಾಲುಭಾಗದಷ್ಟು ಬಲ ಘರ್ಷಣೆಯಲ್ಲೇ ತೀರಿಹೋಗುತ್ತದೆಂದು 1950ರ ದಶಕದಲ್ಲಿ ಅವರು ತೋರಿಸಿದರು. ಇದರ ಪ್ರಕಾರ 60 ಕಿಲೋಗ್ರಾಂ ತೂಕದ ವ್ಯಕ್ತಿಗೆ ಮೊದಲ 15 ಕಿಲೋಗ್ರಾಮಿನಷ್ಟು ಎಳೆತ ಬೆನ್ನುಮೂಳೆಯನ್ನು ಮುಟ್ಟುವುದೇ ಇಲ್ಲ. ಮಂಚದ ಕಾಲುಗಡೆ ನಾಲ್ಕಾರು ಕಿಲೋಗ್ರಾಮಿನ ಕಲ್ಲನ್ನೋ ಮರಳುಚೀಲವನ್ನೋ ಇಳಿಬಿಟ್ಟು ವಾರಗಟ್ಟಲೆ ಮಲಗಿಸುತ್ತಿದ್ದ ವಾರ್ಡಿನ ಟ್ರ್ಯಾಕ್ಷನ್ ರೋಗಿಯನ್ನು ಹಾಸಿಗೆಯಲ್ಲಿ ಹಿಡಿದಿಟ್ಟದ್ದಕ್ಕಿಂತ ಹೆಚ್ಚಿನದೇನನ್ನೂ ಮಾಡುತ್ತಿರಲಿಲ್ಲ. ಪರಿಹಾರವಾಗಿ ಬಂದದ್ದು ಸೀಳುಮೇಜು. ಇದರ ಕೆಳಭಾಗ ಗಾಲಿಗಳ ಮೇಲೆ ಸರಿಯುವುದರಿಂದ ಮೈಯೂ ಮೇಜೂ ಒಟ್ಟಿಗೆ ಜರುಗಿ ಘರ್ಷಣೆ ಇಲ್ಲವಾಗುತ್ತದೆ. ಕತ್ತಿನ ಎಳೆತಕ್ಕೆ ಇಷ್ಟು ಬಲ ಬೇಡ. ಸುಮಾರು 5 ಕಿಲೋಗ್ರಾಂ ತೂಗುವ ತಲೆಯ ಭಾರವನ್ನು ಮೀರಿದರೆ ಸಾಕಾದ್ದರಿಂದ, ಗಲ್ಲಕ್ಕೂ ಹಿಂದಲೆಗೂ ಬಟ್ಟೆಯ ಪಟ್ಟಿ ಹಾಕಿ, ದಾರವನ್ನು ಬಾಗಿಲ ಮೇಲಿನ ರಾಟೆಯಿಂದ ಹಾಯಿಸಿ, ಇನ್ನೊಂದು ತುದಿಗೆ ಅಳತೆಗೆರೆಗಳುಳ್ಳ ನೀರಿನ ಚೀಲ ತೂಗಿಬಿಡುವ ಸರಳ ಸಾಧನ ಮನೆಬಳಕೆಗೂ ಬಂತು.

ಡಿಕಂಪ್ರೆಷನ್ ಯಂತ್ರಗಳು

1990ರ ದಶಕದ ಆರಂಭದಲ್ಲಿ ಕೆನಡಾದ ವೈದ್ಯ ಅಲನ್ ಡೈಯರ್ ರೂಪಿಸಿದ ವ್ಯಾಕ್ಸ್-ಡಿ ಎಂಬ ಮೇಜಿನೊಂದಿಗೆ ಡಿಕಂಪ್ರೆಷನ್ ಎಂಬ ಹೆಸರು ಪ್ರಚಾರಕ್ಕೆ ಬಂತು. ಏಕಪ್ರಕಾರವಾಗಿ ಎಳೆದರೆ ಸ್ನಾಯುಗಳು ತಾವಾಗಿ ಬಿಗಿದು ಎದುರೆಳೆಯುತ್ತವೆ, ಆದ್ದರಿಂದ ಬಲವನ್ನು ಮೆಲ್ಲಗೆ ಏರಿಸಿ, ತುಸು ಹೊತ್ತು ಹಿಡಿದು, ಮೆಲ್ಲಗೆ ಇಳಿಸುವ ಆವರ್ತನ ಬೇಕು ಎಂಬುದು ಇಂಥ ಯಂತ್ರಗಳ ವಾದ. 1994ರಲ್ಲಿ ರಾಮೋಸ್ ಮತ್ತು ಮಾರ್ಟಿನ್ ಎಂಬ ಸಂಶೋಧಕರು ಸೊಂಟದ 4 ಮತ್ತು 5ನೆಯ ಕಶೇರುಗಳ ನಡುವಿನ ಡಿಸ್ಕಿಗೆ ಸಣ್ಣ ಕೊಳವೆ ತೂರಿಸಿ, ರೋಗಿ ಆ ಮೇಜಿನ ಮೇಲೆ ಬೋರಲು ಮಲಗಿದ್ದಾಗಲೇ ಅಳೆದು, ಎಳೆತ ಹೆಚ್ಚಿದಂತೆ ಒಳಗಿನ ಒತ್ತಡ ಸೊನ್ನೆಗಿಂತ 100 ಮಿಲಿಮೀಟರ್ ಪಾದರಸದಷ್ಟು ಕೆಳಕ್ಕೆ ಇಳಿಯಿತೆಂದು ವರದಿ ಮಾಡಿದರು. ಬೆರಳೆಣಿಕೆಯ ರೋಗಿಗಳ ಮೇಲೆ ನಡೆದ ಈ ಅಳತೆ ಒತ್ತಡವನ್ನು ಕುರಿತದ್ದು, ನೋವಿನ ಶಮನವನ್ನು ಕುರಿತದ್ದಲ್ಲ. ಆದರೂ ಯಂತ್ರಗಳ ಜಾಹೀರಾತಿಗೆ ಅದೇ ಆಧಾರವಾಯಿತು. ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಬೆನ್ನು ನೀಳವಾಗಿ ಎತ್ತರ ಹೆಚ್ಚುವುದನ್ನೂ ಪ್ರಚಾರಕರು ಎತ್ತಿ ಹೇಳಿದರು. ಗಗನಯಾತ್ರಿಗಳಲ್ಲಿ ಹಲವರಿಗೆ ಅಲ್ಲಿಯೇ ಬೆನ್ನುನೋವು ಕಾಣಿಸಿಕೊಳ್ಳುತ್ತದೆ, ಭೂಮಿಗೆ ಮರಳಿದ ಮೇಲೆ ಡಿಸ್ಕ್ ಒಡೆಯುವ ಸಂಭವವೂ ಹೆಚ್ಚುತ್ತದೆ ಎಂಬ ಸಂಗತಿ ಆ ಪ್ರಚಾರದಲ್ಲಿ ಸೇರಲಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಮೇಜುಗಳನ್ನು ವಿದ್ಯುಚ್ಚಾಲಿತ ಎಳೆತ ಸಾಧನಗಳ ವರ್ಗದಲ್ಲಿಯೇ ಇರಿಸಿದೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಹೊಸದು ಸಮಾನವೆಂದು ತೋರಿಸಿದರೆ ಈ ವರ್ಗಕ್ಕೆ ಸಿಗುವ ಮಾರಾಟದ ಅನುಮತಿ ರೋಗ ವಾಸಿಯಾಗುತ್ತದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ 1997ರಿಂದ ವ್ಯಾಕ್ಸ್-ಡಿ ಚಿಕಿತ್ಸೆಗೆ ಹಣ ಕೊಡುವುದಿಲ್ಲ.

ಒರೆಗೆ ಹಚ್ಚಿದ ಮೇಲೆ

ನಿಜವಾದ ಎಳೆತವನ್ನೂ ತೋರಿಕೆಯ ಎಳೆತವನ್ನೂ ರೋಗಿಗಳಿಗೆ ಚೀಟಿಯೆತ್ತಿದಂತೆ ಹಂಚಿ ಹೋಲಿಸುವ ಪ್ರಯೋಗಗಳು 20ನೆಯ ಶತಮಾನದ ಕೊನೆಯಿಂದೀಚೆಗೆ ನಡೆದವು. ನೆದರ್ಲೆಂಡಿನಲ್ಲಿ 151 ರೋಗಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಾಗಲಿ, ಅದೇ ದೇಶದಲ್ಲಿ ಹೊಸ ಮಾದರಿಯ ಡಿಕಂಪ್ರೆಷನ್ ಯಂತ್ರ ಬಳಸಿ 60 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಒಟ್ಟು 32 ಪ್ರಯೋಗಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವಿಮರ್ಶೆ, ಸೊಂಟನೋವಿನ ಮೇಲೆ ಎಳೆತದ ಪರಿಣಾಮ ಅತ್ಯಲ್ಪ ಅಥವಾ ಏನೂ ಇಲ್ಲ ಎಂಬ ನಿರ್ಣಯಕ್ಕೆ ಬಂತು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ಹೊರಡಿಸುವ ನೈಸ್ ಸಂಸ್ಥೆ 2016ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೊಂಟನೋವಿಗೆ ಎಳೆತವನ್ನು ಬಳಸದಿರುವಂತೆ ಸಲಹೆ ನೀಡಿದವು. ಕತ್ತಿನ ವಿಷಯ ತುಸು ಭಿನ್ನ: ನರಮೂಲ ಒತ್ತಿ ತೋಳು ನೋಯುತ್ತಿದ್ದ 86 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ವ್ಯಾಯಾಮದ ಜೊತೆಗೆ ಯಾಂತ್ರಿಕ ಎಳೆತ ಪಡೆದವರು ಬರಿಯ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಚೇತರಿಸಿಕೊಂಡರು.

ಫಲ ಇಷ್ಟು ಕ್ಷೀಣವಾಗಿದ್ದರೂ ಚಿಕಿತ್ಸೆ ಇಷ್ಟು ದೀರ್ಘಕಾಲ ನಂಬಿಕೆ ಉಳಿಸಿಕೊಂಡದ್ದಕ್ಕೆ ಕಾರಣ ರೋಗದ ಸ್ವಭಾವದಲ್ಲಿಯೇ ಇದೆ. ಹೊರಚಾಚಿದ ತಿರುಳು ಹಲವರಲ್ಲಿ ತಿಂಗಳುಗಳ ಅವಧಿಯಲ್ಲಿ ತಾನಾಗಿ ಕುಗ್ಗುತ್ತದೆ, ಸಯಾಟಿಕಾದ ನೋವು ಬಹುಮಂದಿಗೆ ಕೆಲವು ವಾರಗಳಲ್ಲಿ ಇಳಿಮುಖವಾಗುತ್ತದೆ. ಡಿಕಂಪ್ರೆಷನ್ ಕೇಂದ್ರಗಳು ಸಾಮಾನ್ಯವಾಗಿ ಹೇಳುವ 20ಕ್ಕೂ ಹೆಚ್ಚು ಸರದಿಗಳೂ ನಾಲ್ಕಾರು ವಾರಗಳಿಗೆ ಹರಡುತ್ತವೆ. ಮೈ ತಾನೇ ಮಾಡಿಕೊಂಡ ರಿಪೇರಿಯ ಕೀರ್ತಿ ಮೇಜಿಗೆ ಸಲ್ಲುತ್ತದೆ.

ಇಂದಿನ ಸ್ಥಾನ

ಎಳೆತವನ್ನು ಇಂದು ಬಳಸುವಲ್ಲಿಯೂ ವ್ಯಾಯಾಮ, ನಡಿಗೆ ಮತ್ತು ತಿಳಿವಳಿಕೆಗೆ ಪೂರಕವಾಗಿ ಮಾತ್ರ ಬಳಸುವುದು ಸರಿಯಾದ ಕ್ರಮ. ಬೆನ್ನುಮೂಳೆಯ ಮುರಿತ, ಗಂತಿ, ಸೋಂಕು, ತೀವ್ರ ಮೂಳೆಸವೆತ ಇರುವವರಿಗೂ ಬಸುರಿಯರಿಗೂ ಸೊಂಟದ ಎಳೆತ ನಿಷಿದ್ಧ. ಸಂಧಿವಾತದಿಂದ ಕತ್ತಿನ ಮೇಲ್ಭಾಗದ ಕೀಲು ಸಡಿಲಗೊಂಡವರಿಗೆ ಕತ್ತಿನ ಎಳೆತ ಅಪಾಯಕಾರಿ. ಮೂತ್ರ ಕಟ್ಟುವುದು, ತೊಡೆಸಂದಿನ ಸುತ್ತ ಸ್ಪರ್ಶಜ್ಞಾನ ಇಲ್ಲವಾಗುವುದು, ಕಾಲಿನ ಶಕ್ತಿ ಕುಂದುತ್ತ ಹೋಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ನರಗಳ ಕಂತೆಯೇ ಒತ್ತಡಕ್ಕೆ ಸಿಕ್ಕಿರಬಹುದಾದ್ದರಿಂದ, ಯಾವ ಮೇಜಿನ ಮೇಲೂ ಮಲಗಿ ಕಾಲ ಕಳೆಯದೆ ಅದೇ ದಿನ ಶಸ್ತ್ರಚಿಕಿತ್ಸಾ ಸೌಲಭ್ಯವುಳ್ಳ ಆಸ್ಪತ್ರೆಯನ್ನು ಸೇರಬೇಕು.